ಹೊಸ ಬೋಟ್, ಹೊಂದದ ಟ್ರೈಲರ್: ವಿಂಚ್ ಕಂಬ ಸರಿಸಿದರೆ ಸಾಕಾ?

ಪ್ರಶ್ನೆ: ಹೊಸ ಬೋಟ್ ಕೊಂಡು ಎರಡು ವಾರ ಆಯಿತು. ಟ್ರೈಲರ್ ಜೊತೆಗೇ ಬಂದದ್ದು. ಗಂಟೆಗೆ 70 ಕಿ.ಮೀ. ದಾಟಿದರೆ ಟ್ರೈಲರ್ ಅತ್ತಿಂದಿತ್ತ ಓಲಾಡುತ್ತದೆ. ಬೋಟಿನ ಹಿಂಭಾಗ ಅದು ಕೂರುವ ಬಂಕ್ ಹಲಗೆಗಳ ತುದಿಯಿಂದ ಸುಮಾರು 10 ಸೆಂ.ಮೀ. ಆಚೆ ಚಾಚಿದೆ. ವಿಂಚ್ ಕಂಬವನ್ನು (ಬೋಟನ್ನು ಮೇಲಕ್ಕೆಳೆಯುವ ರಾಟೆ ಇರುವ ಮುಂದಿನ ಕಂಬ) ಮುಂದಕ್ಕೆ ಸರಿಸಿ, ಎಲ್ಲ ಸರಿಹೋಗುತ್ತೆ ಅಂತಾರೆ. ಅಷ್ಟು ಸಾಕಾ? ಎಷ್ಟು ಸರಿಸಬೇಕು?

ಉತ್ತರ: ಸರಿಸಬೇಕು, ನಿಜ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಎಷ್ಟು ಸರಿಸಬೇಕು ಅನ್ನುವುದನ್ನು ಓಲಾಟ ನೋಡಿ ತೀರ್ಮಾನಿಸಬೇಡಿ, ಬೋಟಿನ ಹಿಂಭಾಗ ನೋಡಿ ತೀರ್ಮಾನಿಸಿ. ಬೋಟ್ ಎಲ್ಲಿ ಕೂರಬೇಕು ಅಂತ ಹೇಳುವುದು ಬಂಕ್. ಭಾರ ಹೊಂದಿಸುವುದು ಚಕ್ರಗಳನ್ನು ಹೊತ್ತ ಅಚ್ಚಿನ, ಅಂದರೆ ಆಕ್ಸಲ್‌ನ ಕೆಲಸ. ವಿಂಚ್ ಕಂಬ ಸುಮ್ನೆ ಬೋಟ್ ಹೋದಲ್ಲಿಗೆ ಹೋಗಬೇಕು, ಅಷ್ಟೇ.

ಈ ಮಾತನ್ನು ನಾನು ಕಲಿತದ್ದು ಉಲ್ಟಾ ಮಾಡಿ. ನನ್ನ ಮೊದಲ ಟ್ರೈಲರ್‌ನಲ್ಲಿ ಮುಂದಿನ ಭಾರ ಜಾಸ್ತಿ ಇತ್ತು, ಕಾರಿನ ಹಿಂಭಾಗ ಕುಸಿದು ಕೂರುತ್ತಿತ್ತು. ಮಾರಿದವರು ಬೇರೆ ಯಾವುದೋ ಬೋಟಿಗೆ ಹೊಂದಿಸಿಟ್ಟಿದ್ದ ಟ್ರೈಲರ್ ಮೇಲೆ ನನ್ನದನ್ನು ಏರಿಸಿ ಕಳಿಸಿದ್ದರು. ಎರಡು ಯು-ಬೋಲ್ಟ್ ಸಡಿಲಿಸಿ ವಿಂಚ್ ಕಂಬವನ್ನು ಒಂದು ಗೇಣು ಹಿಂದಕ್ಕೆ ತಳ್ಳಿದೆ. ಕಾರು ನೆಟ್ಟಗಾಯಿತು, ನಾನು ಬೀಗಿದೆ. ತಿಂಗಳಾದ ಮೇಲೆ ಕೆಳಗೆ ಬಿದ್ದ ಒಂದು ವಾಷರ್ ಹುಡುಕಲು ಬಗ್ಗಿದಾಗ ಕಂಡಿತು: ಮೋಟರ್ ಹೊತ್ತ ಹಿಂಭಾಗ ಪೂರ್ತಿ ಗಾಳಿಯಲ್ಲಿ ನೇತಾಡುತ್ತಿದೆ. ಬಂಕ್ ಕಾರ್ಪೆಟ್ ಆ ತುದಿಯಲ್ಲಿ ಒತ್ತಿ ಒತ್ತಿ ಹೊಳೆಯುವಷ್ಟು ಚಪ್ಪಟೆಯಾಗಿತ್ತು. ಅದೃಷ್ಟಕ್ಕೆ ತಳಕ್ಕೆ ಏನೂ ಆಗಿರಲಿಲ್ಲ.

ಆಗಬಹುದಾಗಿದ್ದದ್ದು ಏನು? ಬೋಟಿನ ಹಿಂದಿನ ಚಪ್ಪಟೆ ಗೋಡೆಗೆ ಟ್ರಾನ್ಸಂ ಅನ್ನುತ್ತಾರೆ. ಮೋಟರ್ ಕೂರುವುದು ಅಲ್ಲೇ. ಸಾಮಾನ್ಯವಾಗಿ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಕೂಡ ಅದರ ಹತ್ತಿರವೇ ಇರುತ್ತವೆ. ನೀರಿನಲ್ಲಿದ್ದಾಗ ತಳದ ಇಡೀ ಅಗಲಕ್ಕೂ ನೀರಿನ ಆಸರೆ ಸಿಗುತ್ತದೆ. ಟ್ರೈಲರ್ ಮೇಲೆ ಸಿಗುವುದು ಎರಡೋ ನಾಲ್ಕೋ ಹಲಗೆಯ ಆಸರೆ ಮಾತ್ರ. ಹಲಗೆ ಟ್ರಾನ್ಸಂಗಿಂತ ಮೊದಲೇ ಮುಗಿದರೆ ಆ ತುದಿಯೇ ಒಂದು ಅಂಚಾಗಿ ತಳವನ್ನು ಒತ್ತುತ್ತದೆ. ರಸ್ತೆಯ ಪ್ರತಿ ಗುಂಡಿಗೂ ಒಂದು ಪೆಟ್ಟು. ವರ್ಷಗಟ್ಟಲೆ ಹೀಗಾದರೆ ತಳ ಅಲ್ಲಿ ಒಳಕ್ಕೆ ಬಾಗಿ ಹಿಂದಿನ ತುದಿ ಜೋತುಬೀಳುತ್ತದೆ. ಬೋಟಿನವರು ಇದಕ್ಕೆ ಹುಕ್ ಅನ್ನುತ್ತಾರೆ. ಹುಕ್ ಬಂದ ಬೋಟ್ ಓಡುವಾಗ ಮೂತಿ ಕೆಳಕ್ಕೆ ಹಾಕುತ್ತದೆ, ವೇಗವೂ ಕಡಿಮೆಯಾಗುತ್ತದೆ. ಓಲಾಟವನ್ನು ಒಂದು ಮಧ್ಯಾಹ್ನದಲ್ಲಿ ಸರಿಮಾಡಬಹುದು, ಬಾಗಿದ ತಳವನ್ನು ಹಾಗೆ ಮಾಡಲಾಗದು. ಅದಕ್ಕೇ ಹಿಂಭಾಗದ ಆಸರೆ ಮೊದಲು.

ನಿಮ್ಮ ವಿಷಯದಲ್ಲಿ ಬೋಟ್ 10 ಸೆಂ.ಮೀ. ಮುಂದೆ ಹೋಗಬೇಕು. ಬಂಕ್ ತುದಿ ಟ್ರಾನ್ಸಂನ ಸರಿಸಮಕ್ಕೆ ಬರಬೇಕು, ಇಲ್ಲವೇ ಎರಡು ಮೂರು ಸೆಂ.ಮೀ. ಆಚೆ ಇರಬೇಕು. ಅದಕ್ಕಿಂತ ಜಾಸ್ತಿ ಚಾಚಿದರೆ ಬೋಟ್ ಹಿಂದೆ ತೂಗುವ ಟ್ರಿಮ್ ಟ್ಯಾಬ್ (ಓಡುವಾಗ ಬೋಟನ್ನು ಮಟ್ಟವಾಗಿಡುವ ರೆಕ್ಕೆ), ಸೋನಾರ್ ಸೆನ್ಸರ್ (ನೀರಿನ ಆಳ ಅಳೆಯುವ ಸಾಧನ) ಹಲಗೆಗೆ ತಾಗಬಹುದು, ನೋಡಿಕೊಳ್ಳಿ.

ಈ ಕೆಲಸವನ್ನು ಬೋಟ್ ಮೇಲಿರುವಾಗ ಮಾಡಬೇಡಿ. ಬೋಟನ್ನು ನೀರಿಗಿಳಿಸಿ ಕಟ್ಟಿಹಾಕಿ, ಖಾಲಿ ಟ್ರೈಲರ್‌ನಲ್ಲಿ ಕೆಲಸ ಮಾಡಿ, ಮತ್ತೆ ಏರಿಸಿ ನೋಡಿ. ಎರಡು ಮೂರು ಸಲ ಇಳಿಸಿ ಏರಿಸಬೇಕಾಗಬಹುದು. ಬೇಸರದ ಕೆಲಸವೇ. ಆದರೂ ಜಾಕ್ ಮೇಲೆ ನಿಂತ ಬೋಟಿನ ಕೆಳಗೆ ತಲೆ ಹಾಕುವುದಕ್ಕಿಂತ ಮೇಲು.

ಟ್ರೈಲರ್ ಖಾಲಿ ಇರುವಾಗಲೇ ಬಂಕ್‌ಗಳನ್ನೂ ಒಮ್ಮೆ ನೋಡಿಬಿಡಿ. ಕಾರ್ಪೆಟ್ ಒಂದು ಕಡೆ ಮಾತ್ರ ಸವೆದಿದ್ದರೆ ಹಲಗೆ ತಳದ ಇಳಿಜಾರಿಗೆ ಹೊಂದಿಲ್ಲ ಅಂತ ಅರ್ಥ. ಬೋಟ್ ಏರಿಸಿದ ಮೇಲೆ ಒಂದು ಕಾಗದದ ಹಾಳೆಯನ್ನು ಹಲಗೆ ಮತ್ತು ತಳದ ನಡುವೆ ತೂರಿಸಿ. ಎಲ್ಲಿ ಸಲೀಸಾಗಿ ಒಳಹೋಗುತ್ತದೋ ಅಲ್ಲಿ ಆಸರೆ ಇಲ್ಲ. ಉದ್ದಕ್ಕೂ ಗಟ್ಟಿ ಹಿಡಿಯಬೇಕು. ತಳದುದ್ದಕ್ಕೆ ಏಣಿನಂಥ ಉಬ್ಬುಗೆರೆಗಳಿರುತ್ತವಲ್ಲ, ಹಲಗೆ ಅವುಗಳ ಮೇಲೆ ಏರಿ ಕೂರದೆ ನಡುವಿನ ಸಮತಟ್ಟು ಜಾಗದಲ್ಲಿ ಬರಬೇಕು. ಹಲಗೆ ಹಿಡಿದಿರುವ ಬೋಲ್ಟ್ ತಲೆಗಳು ಮರದೊಳಗೆ ಹುದುಗಿರಬೇಕು. ನಿಮ್ಮದು ಅಲ್ಯೂಮಿನಿಯಂ ಬೋಟ್ ಆಗಿದ್ದು ಹಲಗೆ ಬದಲಿಸುವುದಾದರೆ, ತಾಮ್ರದ ಅಂಶವಿರುವ ರಾಸಾಯನಿಕ ಹೀರಿಸಿದ ಮರ ಬೇಡ. ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಈಗ ಓಲಾಟಕ್ಕೆ ಬರೋಣ. ಹಿಂದೆ ಭಾರ ಜಾಸ್ತಿಯಾದ ಗಾಡಿಯ ಮೂಕಿ ಮೇಲೇಳುತ್ತದಲ್ಲ, ಇಲ್ಲಿ ಆಗುತ್ತಿರುವುದೂ ಅದೇ. ಟ್ರೈಲರ್‌ನ ಮೂತಿ ಕಾರಿನ ಹಿಂದೆ ಟ್ರೈಲರ್ ಸಿಕ್ಕಿಸುವ ಹಿಚ್ ಮೇಲೆ ಎಷ್ಟು ಭಾರ ಹಾಕುತ್ತದೋ ಅದಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಬೋಟ್ ಟ್ರೈಲರ್‌ಗೆ ಇದು ಒಟ್ಟು ತೂಕದ ಶೇ. 7ರಿಂದ 10ರಷ್ಟಿದ್ದರೆ ಸಾಮಾನ್ಯವಾಗಿ ನೆಮ್ಮದಿ. ತೀರಾ ಕಡಿಮೆಯಾದರೆ ಟ್ರೈಲರ್ ಬಾಲ ಬೀಸಲು ಶುರುಮಾಡುತ್ತದೆ. ತೀರಾ ಜಾಸ್ತಿಯಾದರೆ ಕಾರಿನ ಮುಂದಿನ ಚಕ್ರಗಳ ಹಿಡಿತ ಸಡಿಲಾಗುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ, ಹಿಚ್ ಮೇಲಿನ ಚೀಟಿಯಲ್ಲಿ ಇದಕ್ಕೊಂದು ಮಿತಿ ಬರೆದಿರುತ್ತದೆ. ಶೇಕಡಾ ಲೆಕ್ಕ ಏನೇ ಹೇಳಲಿ, ಆ ಮಿತಿ ದಾಟುವ ಹಾಗಿಲ್ಲ.

ಕಣ್ಣಂದಾಜು ಬೇಡ, ತೂಗಿ. ಮನೆಯ ತೂಕದ ಯಂತ್ರವೇ ಸಾಕು. ಸಮತಟ್ಟು ನೆಲದಲ್ಲಿ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ತೂಕದ ಯಂತ್ರದ ಮೇಲೆ ಗಟ್ಟಿ ಮರದ ತುಂಡುಗಳನ್ನು ಪೇರಿಸಿ. ಕಾರಿಗೆ ಸಿಕ್ಕಿಸಿದಾಗ ಕಪ್ಲರ್ (ಹಿಚ್ ಹಿಡಿಯುವ ಟ್ರೈಲರ್ ತುದಿ) ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ ಅದು ಮರದ ಮೇಲೆ ಕೂರಲಿ. ಬಂದ ಅಂಕಿಯಿಂದ ಮರದ ತೂಕ ಕಳೆಯಿರಿ. ಟ್ರೈಲರ್ ನಿಲ್ಲಿಸಿದಾಗ ಅದರ ಮೂತಿ ಹೊರುವ ಮುಂದಿನ ಜಾಕ್ ಚಕ್ರದ ಕೆಳಗೆ ಯಂತ್ರ ಇಟ್ಟು ತೂಗುವವರಿದ್ದಾರೆ. ಅದು ಆಕ್ಸಲ್‌ಗೆ ಹತ್ತಿರ ಇರುವುದರಿಂದ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಭಾರ ಸಾಕಷ್ಟಿದೆ ಅಂತ ನೀವು ಮೋಸಹೋಗುತ್ತೀರಿ. ಭಾರ ಯಂತ್ರದ ಮಿತಿ ಮೀರುವ ಹಾಗಿದ್ದರೆ ಈ ವಿಧಾನ ಬಿಡಿ. ಒಟ್ಟು ತೂಕಕ್ಕೆ ವೇಬ್ರಿಜ್‌ಗೆ ಹೋಗಿ. ನಿಜವಾಗಿ ಎಳೆದುಕೊಂಡು ಹೋಗುವಾಗ ಬೋಟಿನಲ್ಲಿ ಏನೇನು ಇರುತ್ತದೋ ಎಲ್ಲ ಇರಲಿ. 100 ಲೀಟರ್ ಪೆಟ್ರೋಲ್ ಅಂದರೆ ಸುಮಾರು 74 ಕೆಜಿ, ಅದೂ ಹಿಂಭಾಗದಲ್ಲಿ!

ಒಂದು ಲೆಕ್ಕ ಹಾಕೋಣ. ಟ್ರೈಲರ್, ಬೋಟ್, ಮೋಟರ್, ಸಾಮಾನು ಸೇರಿ 1,200 ಕೆಜಿ ಅಂದುಕೊಳ್ಳಿ. ಅದರಲ್ಲಿ ಬೋಟಿನ ಪಾಲು 900 ಕೆಜಿ. ಕಪ್ಲರ್‌ನಿಂದ ಆಕ್ಸಲ್‌ಗೆ 5 ಮೀಟರ್. ತೂಗಿದಾಗ ಸಿಕ್ಕಿದ್ದು 40 ಕೆಜಿ. ಬೇಕಾಗಿರುವುದು 84ರಿಂದ 120. ಬೋಟನ್ನು 10 ಸೆಂ.ಮೀ. ಮುಂದಕ್ಕೆ ತಂದರೆ ಎಷ್ಟು ಏರುತ್ತದೆ? 900 ಕೆಜಿಯನ್ನು 0.1 ಮೀಟರ್‌ನಿಂದ ಗುಣಿಸಿ 5ರಿಂದ ಭಾಗಿಸಿ: 18 ಕೆಜಿ. ಅಲ್ಲಿಗೆ 58 ಆಯಿತು. ಇನ್ನೂ ಸಾಲದು, ಅಲ್ವಾ? ಉಳಿದದ್ದನ್ನೂ ಬೋಟ್ ಸರಿಸಿಯೇ ತುಂಬಿಸಲು ಹೊರಟರೆ ಅದು ಬಂಕ್ ಬಿಟ್ಟು ಮುಂದೆ ಹೋಗುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಇನ್ನು ಸರಿಸಬೇಕಾದದ್ದು ಆಕ್ಸಲ್. ಎಷ್ಟೋ ಬೋಟ್ ಟ್ರೈಲರ್‌ಗಳಲ್ಲಿ ಆಕ್ಸಲ್, ಸ್ಪ್ರಿಂಗ್ ಎಲ್ಲ ಸೇರಿ ಚೌಕಟ್ಟಿಗೆ ಬೋಲ್ಟ್ ಮೇಲೆ ನಿಂತಿರುತ್ತವೆ, ಜಾರಿಸಬಹುದು. ಹಿಂದಕ್ಕೆ ಜಾರಿಸಿದರೆ ಟಂಗ್ ವೇಟ್ ಏರುತ್ತದೆ, ಮುಂದಕ್ಕಾದರೆ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ 15 ಸೆಂ.ಮೀ. ಹಿಂದಕ್ಕೆ ಹೋದರೆ 58 ಇದ್ದದ್ದು 88ರ ಆಸುಪಾಸಿಗೆ, 20 ಸೆಂ.ಮೀ. ಹೋದರೆ 98ರ ಹತ್ತಿರಕ್ಕೆ ಬರುತ್ತದೆ. ಬೋಟಿಗಿಂತ ಆಕ್ಸಲ್ ಸರಿಸಿದಾಗ ಪರಿಣಾಮ ಜಾಸ್ತಿ. ಆಕ್ಸಲ್ ಬೆಸುಗೆ ಹಾಕಿದ್ದಾದರೆ ಸ್ವಂತ ಕೈ ಹಾಕಬೇಡಿ, ಟ್ರೈಲರ್ ಮಾಡುವವರಿಗೇ ಬಿಡಿ. ಹೊಸ ಟ್ರೈಲರ್ ಆದ್ದರಿಂದ ವಾರಂಟಿ ಕಾಗದವನ್ನೂ ಮೊದಲು ಓದಿ. ಹೊಂದಿಸಿಕೊಡುವುದು ಮಾರಿದವರ ಕೆಲಸ ಅಂತ ನನ್ನ ವಾದ. ಕೇಳಿ ನೋಡುವುದರಲ್ಲಿ ನಷ್ಟವೇನಿಲ್ಲ.

ಜಾರಿಸುವಾಗ ಮಡ್‌ಗಾರ್ಡ್ ಕೂಡ ಜೊತೆಗೆ ಹೋಗಬೇಕು, ಬ್ರೇಕ್ ಪೈಪ್ ಮತ್ತು ವೈರ್ ಎಳೆದುಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯ, ಆಕ್ಸಲ್ ಸೊಟ್ಟ ಕೂರಬಾರದು. ಕಪ್ಲರ್‌ನ ನಡುಬಿಂದುವಿನಿಂದ ಆಕ್ಸಲ್‌ನ ಎಡ ತುದಿಗೊಮ್ಮೆ, ಬಲ ತುದಿಗೊಮ್ಮೆ ಟೇಪ್ ಹಿಡಿಯಿರಿ. ಎರಡಕ್ಕೂ 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸೊಟ್ಟ ಆಕ್ಸಲ್ ಇದ್ದರೆ ಟ್ರೈಲರ್ ಕಾರಿನ ಹಿಂದೆ ಓರೆಯಾಗಿ ಓಡುತ್ತದೆ, ಟಯರ್ ಬೇಗ ಸವೆಯುತ್ತದೆ.

ಇಷ್ಟಾದ ಮೇಲೆ ವಿಂಚ್ ಕಂಬ. ಬೋಟ್ ತನ್ನ ಜಾಗದಲ್ಲಿ ಕೂತಿದೆ, ಭಾರ ಹೊಂದಿದೆ. ಈಗ ಕಂಬವನ್ನು ತಂದು ಅದರ ರಬ್ಬರ್ ಉರುಳೆ ಬೋಟಿನ ಮೂತಿಗೆ ಒತ್ತಿಕೊಳ್ಳುವಂತೆ ನಿಲ್ಲಿಸಿ ಬಿಗಿಮಾಡಿ. ಮೂತಿಯಲ್ಲಿರುವ ಕೊಕ್ಕೆಯ ಬಳೆ ಆ ಉರುಳೆಯ ಸ್ವಲ್ಪ ಕೆಳಗೆ ಬರಲಿ, ಆಗ ಗುಂಡಿ ಹಾರಿದಾಗ ಮೂತಿ ಮೇಲಕ್ಕೆ ಜಿಗಿಯುವುದಿಲ್ಲ. ವಿಂಚ್ ಪಟ್ಟಿ ಹೆಚ್ಚುಕಡಿಮೆ ನೇರವಾಗಿರಬೇಕು. ಪಟ್ಟಿ ತೀರಾ ಕೆಳಕ್ಕೆ ಎಳೆಯುತ್ತಿದ್ದರೆ ವಿಂಚ್ ಎತ್ತರ ಬದಲಿಸಿ. ಪಟ್ಟಿಯೊಂದನ್ನೇ ನಂಬಬೇಡಿ. ಮೂತಿಗೆ ಬೇರೆ ಚೈನ್, ಟ್ರಾನ್ಸಂನ ಎರಡು ಕಡೆ ಬಿಗಿ ಪಟ್ಟಿ ಬೇಕೇ ಬೇಕು.

ಇನ್ನೊಂದು ದೂರು ನೀವು ಕೇಳಿಲ್ಲ, ಆದರೆ ಮುಂದೆ ಬಂದೇ ಬರುತ್ತದೆ: ನೀರಿನಿಂದ ಎಳೆದಾಗ ಬೋಟ್ ಒಂದು ಕಡೆಗೆ ವಾಲಿ ಕೂರುವುದು. ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ. ಎಷ್ಟೋ ಸಲ ತಪ್ಪು ಬಂಕ್‌ನದಲ್ಲ, ಟ್ರೈಲರನ್ನು ನೀರಿನಲ್ಲಿ ತೀರಾ ಆಳಕ್ಕೆ ಇಳಿಸಿರುತ್ತೇವೆ. ಬೋಟ್ ತೇಲುತ್ತಾ ಇರುತ್ತದೆ, ಗಾಳಿ ಬಂದ ಕಡೆ ಸರಿಯುತ್ತದೆ, ಹಾಗೇ ಕೂರುತ್ತದೆ. ಸ್ವಲ್ಪ ಕಡಿಮೆ ಇಳಿಸಿ, ಬಂಕ್‌ನ ಮುಂದಿನ ಭಾಗ ನೀರಿನ ಮೇಲಿರಲಿ. ಸರಿಯಾಗಿ ಕೂತ ದಿನ ಮಡ್‌ಗಾರ್ಡ್ ಮೇಲೆ ನೀರು ಎಲ್ಲಿಗೆ ಬಂದಿತ್ತು ಅಂತ ಟೇಪಿನ ಗುರುತು ಹಾಕಿಟ್ಟರೆ ಅದೇ ಇಳಿಜಾರಿನಲ್ಲಿ ಮುಂದಿನ ಸಲ ಯೋಚನೆಯೇ ಇಲ್ಲ.

ಮೊದಲ ಓಟ ನಿಧಾನಕ್ಕೆ ಇರಲಿ, ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಓಲಾಟ ಕಂಡರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಟ್ರೈಲರ್ ಟಯರ್‌ನಲ್ಲಿ ಗಾಳಿ ಕಡಿಮೆ ಇದ್ದರೂ ಓಲಾಡುತ್ತದೆ, ಹೊರಡುವ ಮುಂಚೆ ಅದನ್ನು ನೋಡಿಕೊಳ್ಳಿ. 80 ಕಿ.ಮೀ. ಆದ ಮೇಲೆ ಒಂದು ಕಡೆ ನಿಲ್ಲಿಸಿ, ನೀವು ಮುಟ್ಟಿದ ಪ್ರತಿ ನಟ್ ಮತ್ತು ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಮತ್ತೆ ಬಿಗಿಮಾಡಿ. ನಾನು ಬಿಗಿಮಾಡಿದ ಮೇಲೆ ನಟ್‌ನಿಂದ ಚೌಕಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೀಟು ಎಳೆದುಬಿಡುತ್ತೇನೆ. ಗೀಟು ತುಂಡಾಗಿ ಕಂಡರೆ ನಟ್ ತಿರುಗಿದೆ ಅಂತ ಲೆಕ್ಕ.