ಸಾರಿಗೆ ಉಪ್ಪು ಕಮ್ಮಿ ಅಂದವರು ಊಟ ಬೇಡ ಅಂದರಾ?

ಹೋದ ತಿಂಗಳು ಒಂದು ಸಂಸ್ಥೆಯವರು ರಿಪೋರ್ಟಿನ ಕರಡು ಕಳಿಸಿದ್ದರು. ಜರ್ಮನಿಯ ಮತದಾರರ ಮನಸ್ಸಿನ ಬಗ್ಗೆ ನಲವತ್ತು ಪುಟ. ಅಂಕಿಗಳನ್ನು ಒಮ್ಮೆ ನೋಡಿಕೊಡಿ ಎಂದು ಕೇಳಿದ್ದರು. ನೋಡಿದೆ. ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಮೂರನೇ ಪುಟದ ತಲೆಬರಹ ಮಾತ್ರ ಹೀಗಿತ್ತು: ‘ಅರ್ಧಕ್ಕಿಂತ ಜಾಸ್ತಿ ಜರ್ಮನ್ನರಿಗೆ ಪ್ರಜಾಪ್ರಭುತ್ವ ಬೇಡವಾಗಿದೆ.’

ಅದಕ್ಕೆ ಕೆಂಪು ಗೀಟು ಎಳೆದು ಫೋನ್ ಮಾಡಿದೆ. ಜರ್ಮನಿಯ ಮನ್‌ಹೈಮ್‌ನಲ್ಲಿ ಕೂತು ಸಮೀಕ್ಷೆಗಳ ಪ್ರಶ್ನಾವಳಿ ತಿದ್ದುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಇದೇ ಗೀಟನ್ನು ಇದೇ ಜಾಗದಲ್ಲಿ ಎಳೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಸಾಕಾಗಿದೆ. ಹಾಗಾಗಿ ಸ್ಯಾಂಪಲ್ ಎಷ್ಟಿರಬೇಕು, ಯಾರನ್ನು ಹೇಗೆ ಆರಿಸಬೇಕು ಎಂಬುದನ್ನೆಲ್ಲ ಇವತ್ತು ಬದಿಗಿಟ್ಟು, ಈ ಒಂದು ವಿಷಯವನ್ನಷ್ಟೇ ಹೇಳುತ್ತೇನೆ.

ಅವರು ಕೇಳಿದ್ದ ಪ್ರಶ್ನೆ ಇದು: ‘ಜರ್ಮನಿಯಲ್ಲಿ ಪ್ರಜಾಪ್ರಭುತ್ವ ನಡೆಯುತ್ತಿರುವ ರೀತಿ ನಿಮಗೆ ಎಷ್ಟರಮಟ್ಟಿಗೆ ತೃಪ್ತಿ ತಂದಿದೆ?’ ಯುರೋಪಿನಲ್ಲಿ 1970ರ ದಶಕದಿಂದ ಕೇಳುತ್ತಾ ಬಂದಿರುವ ಪ್ರಶ್ನೆ. ತುಂಬಾ ತೃಪ್ತಿ, ಒಂದು ಮಟ್ಟಿಗೆ ತೃಪ್ತಿ, ಅಷ್ಟೇನೂ ಇಲ್ಲ, ಸ್ವಲ್ಪವೂ ಇಲ್ಲ ಎಂದು ನಾಲ್ಕು ಉತ್ತರ. ಕೊನೆಯ ಎರಡನ್ನು ಕೂಡಿಸಿದರೆ ಅರ್ಧ ದಾಟಿತ್ತು. ಅಲ್ಲಿಂದ ‘ಬೇಡವಾಗಿದೆ’ ಎಂಬಲ್ಲಿಗೆ ಒಂದೇ ನೆಗೆತ.

ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ‘ನಡೆಯುತ್ತಿರುವ ರೀತಿ’ ಎಂಬ ಎರಡು ಪದ ಇದೆ ಅಲ್ವಾ? ಪ್ರಶ್ನೆಯ ಜೀವ ಇರುವುದೇ ಅಲ್ಲಿ. ಕೇಳಿದ್ದು ನಡೆಯುವ ರೀತಿಯನ್ನು. ಉತ್ತರ ಬಂದದ್ದೂ ಅದಕ್ಕೇ. ಪ್ರಜಾಪ್ರಭುತ್ವ ಬೇಕೋ ಬೇಡವೋ ಎಂದು ಆ ಪುಟದಲ್ಲಿ ಯಾರೂ ಯಾರನ್ನೂ ಕೇಳಿಯೇ ಇಲ್ಲ. ಮನೆಯಲ್ಲಿ ಯಾರೋ ಸಾರಿಗೆ ಉಪ್ಪು ಕಮ್ಮಿ ಅಂದರೆ ಅವರ ಮುಂದಿನ ಎಲೆ ಎತ್ತುತ್ತೇವಾ? ಉಪ್ಪು ತಂದಿಡುತ್ತೇವೆ.

ಇವೆರಡನ್ನೂ ಬೇರೆ ಬೇರೆಯಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಲೈಪ್‌ಜಿಗ್ ವಿಶ್ವವಿದ್ಯಾಲಯದಿಂದ ಬರುತ್ತದೆ. ಅಲ್ಲಿ ಓಲಿವರ್ ಡೆಕರ್, ಎಲ್ಮಾರ್ ಬ್ರೇಲರ್ ಮತ್ತು ಜೊತೆಗಾರರು 2002ರಿಂದ ಎರಡು ವರ್ಷಕ್ಕೊಮ್ಮೆ ಸರ್ವಾಧಿಕಾರದ ಒಲವುಗಳನ್ನು ಅಳೆಯುತ್ತಾ ಬಂದಿದ್ದಾರೆ. ಅವರು ಪ್ರಜಾಪ್ರಭುತ್ವವನ್ನು ಮೂರು ತುಂಡು ಮಾಡಿ ಕೇಳುತ್ತಾರೆ. ಒಂದು ವಿಚಾರವಾಗಿ ಅದು ನಿಮಗೆ ಒಪ್ಪಿಗೆಯೇ? ಸಂವಿಧಾನದಲ್ಲಿ ಬರೆದಿರುವ ರೂಪದಲ್ಲಿ? ಇವತ್ತು ನಡೆಯುತ್ತಿರುವ ರೀತಿಯಲ್ಲಿ? 2024ರಲ್ಲಿ ಮೊದಲನೆಯದಕ್ಕೆ ಹತ್ತರಲ್ಲಿ ಒಂಬತ್ತು ಜನ ಹೌದು ಎಂದರು. ಮೂರನೆಯದಕ್ಕೆ ಹೌದು ಎಂದವರು ಶೇ 42ರಷ್ಟು. 1990ರವರೆಗೆ ಬೇರೆಯೇ ಕಮ್ಯುನಿಸ್ಟ್ ದೇಶವಾಗಿದ್ದ ಪೂರ್ವ ಜರ್ಮನಿಯಲ್ಲಂತೂ ಶೇ 30ರ ಆಸುಪಾಸು. ಅದೇ ಜನ, ಅದೇ ದಿನ, ಅದೇ ಕಾಗದ. ಆ 90ಕ್ಕೂ 42ಕ್ಕೂ ನಡುವೆ ಇರುವವರು ಯಾರು, ಅವರಿಗೆ ಏನಾಗಿದೆ ಎಂಬುದೇ ನಮ್ಮ ಕೆಲಸದ ಅರ್ಧ ಪಾಲು.

ಆ 42ನ್ನು ಓದುವಾಗಲೂ ಸ್ವಲ್ಪ ಜೋಪಾನ ಬೇಕು. ಅದು ಓಲಾಫ್ ಶೋಲ್ಟ್ಸ್ ಅವರ ಮೂರು ಪಕ್ಷಗಳ ಸರ್ಕಾರ ಒಳಗೊಳಗೇ ಕಿತ್ತಾಡುತ್ತಿದ್ದ ವರ್ಷ. ನವೆಂಬರ್‌ನಲ್ಲಿ ಸರ್ಕಾರ ಒಡೆದೇ ಹೋಯಿತು. ತಾವು ಓಟು ಹಾಕಿದ ಪಕ್ಷ ಅಧಿಕಾರದಲ್ಲಿದ್ದರೆ ಜನ ಈ ಪ್ರಶ್ನೆಗೆ ತೃಪ್ತಿ ಎನ್ನುತ್ತಾರೆ, ಸೋತರೆ ಅತೃಪ್ತಿ ಎನ್ನುತ್ತಾರೆ. ಇದು ಬಹಳ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹಾಗಾಗಿ ಆ ಸಂಖ್ಯೆಯಲ್ಲಿ ವ್ಯವಸ್ಥೆಯ ಮೇಲಿನ ಬೇಸರ ಎಷ್ಟು, ಆಗಿನ ಸರ್ಕಾರದ ಮೇಲಿನ ಸಿಟ್ಟು ಎಷ್ಟು ಎಂದು ಈ ಒಂದೇ ಪ್ರಶ್ನೆಯಿಂದ ಬೇರ್ಪಡಿಸಲು ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಪ್ರಶ್ನಾವಳಿಯನ್ನು ಪರೀಕ್ಷೆ ಮಾಡಲು ಪೂರ್ವ ಭಾಗದ ಸ್ಯಾಕ್ಸನಿ ರಾಜ್ಯದ ಪ್ಲೌವೆನ್ ಊರಿಗೆ ಹೋಗಿದ್ದೆ. ಲೇಸ್‌ಗೆ ಹೆಸರಾದ ಊರು. ದೊಡ್ಡ ಸಮೀಕ್ಷೆಗೆ ಮುಂಚೆ ನಾವು ಬೆರಳೆಣಿಕೆಯ ಜನರ ಜೊತೆ ಕೂತು ಪ್ರಶ್ನೆ ಓದುತ್ತೇವೆ. ಉತ್ತರ ಕೊಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದು ಕೇಳಿಕೊಳ್ಳುತ್ತೇವೆ. ಆವತ್ತು ನನ್ನೆದುರು ಇದ್ದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಮೊದಲು ಲೇಸ್ ಕಾರ್ಖಾನೆಯಲ್ಲಿದ್ದವರು. 1990ರ ನಂತರ ಕಾರ್ಖಾನೆ ಮುಚ್ಚಿ ಕೆಲಸ ಹೋಯಿತು. ಅಡುಗೆಮನೆಯ ಮೇಜಿನ ಮೇಲೆ ಪ್ಲಮ್ ಕೇಕ್ ಇಟ್ಟು, ನಾನು ಎರಡನೇ ತುಂಡು ತಿನ್ನುವವರೆಗೂ ಮೊದಲ ಪ್ರಶ್ನೆ ಓದಲು ಬಿಡಲಿಲ್ಲ.

ಪ್ರಶ್ನೆ ಓದಿದೆ. ಕನ್ನಡಕ ಏರಿಸಿಕೊಂಡು ಕಾರ್ಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು: ಸ್ವಲ್ಪವೂ ತೃಪ್ತಿ ಇಲ್ಲ. ಯಾಕೆ ಎಂದೆ. ಬೆರಳು ಮಡಚಿ ಎಣಿಸಿದರು. ಡಾಕ್ಟರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬಂದಿಲ್ಲ. ಸಂಜೆ ಮೇಲೆ ಬಸ್ಸಿಲ್ಲ. ಮಗಳು ಕೆಲಸಕ್ಕೆಂದು ಪಶ್ಚಿಮಕ್ಕೆ ಹೋದವಳು ಅಲ್ಲೇ ಉಳಿದಳು. ಕಚೇರಿಗೆ ಕಾಗದ ಬರೆದರೆ ಉತ್ತರ ಬರಲು ಮೂರು ತಿಂಗಳು.

‘ಹಾಗಾದರೆ ಹಳೆಯ ಕಮ್ಯುನಿಸ್ಟ್ ವ್ಯವಸ್ಥೆಯೇ ವಾಸಿ ಇತ್ತು ಅನ್ನಿಸುತ್ತದಾ?’ ಎಂದು ಕೇಳಿದೆ. ಅದು ನಮ್ಮ ಪಟ್ಟಿಯಲ್ಲಿದ್ದ ಮುಂದಿನ ಪ್ರಶ್ನೆಯಾಗಿತ್ತು.

ಅವರ ಮುಖ ಬಿಗಿಯಾಯಿತು. 1989ರ ಅಕ್ಟೋಬರ್ 7ರಂದು, ಪೂರ್ವ ಜರ್ಮನಿ ತನ್ನ ನಲವತ್ತನೇ ಹುಟ್ಟುಹಬ್ಬ ಆಚರಿಸುತ್ತಿದ್ದ ದಿನ, ಪ್ಲೌವೆನ್‌ನ ಬೀದಿಗೆ ಸರ್ಕಾರದ ವಿರುದ್ಧ ಸಾವಿರಾರು ಜನ ಇಳಿದಿದ್ದರು. ಲೈಪ್‌ಜಿಗ್‌ನ ದೊಡ್ಡ ಸೋಮವಾರದ ಮೆರವಣಿಗೆಗೆ ಇನ್ನೂ ಎರಡು ದಿನ ಬಾಕಿ ಇತ್ತು. ಅಗ್ನಿಶಾಮಕದ ವಾಹನಗಳಿಂದ ಜನರ ಮೇಲೆ ನೀರು ಹಾರಿಸಿದರು. ‘ನನ್ನ ಕೋಟು ನೆನೆದು ತೊಪ್ಪೆಯಾಗಿತ್ತು. ಎರಡು ದಿನ ಒಣಗಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಓಟು ಹಾಕಲು ಬೆಳಿಗ್ಗೆಯೇ ಹೋಗಿ ನಿಂತೆ. ಇದು ನಾವು ಬೇಕೆಂದು ಕೇಳಿ ತಂದದ್ದು ನೋಡಿ. ಅದಕ್ಕೇ ಬೈಯುತ್ತೇನೆ’ ಎಂದರು. 1990ರ ಮಾರ್ಚ್ 18ರ ಆ ಚುನಾವಣೆ ಪೂರ್ವ ಜರ್ಮನಿಯ ಮೊದಲ ಮತ್ತು ಕೊನೆಯ ಮುಕ್ತ ಸಂಸತ್ ಚುನಾವಣೆ. ಶೇ 93ಕ್ಕಿಂತ ಜಾಸ್ತಿ ಜನ ಓಟು ಹಾಕಿದ್ದರು.

ನಮ್ಮ ಕಡತದಲ್ಲಿ ಆಕೆ ‘4’ ಎಂಬ ಒಂದು ಅಂಕಿ. ಮೂರನೇ ಪುಟದ ತಲೆಬರಹದ ಪ್ರಕಾರ ಪ್ರಜಾಪ್ರಭುತ್ವ ಬೇಡವಾದವರು. ನನಗೆ ಸಿಟ್ಟು ಬರುವುದು ಇದಕ್ಕೇ.

ಎಲ್ಲ ಅತೃಪ್ತರೂ ಆಕೆಯ ಹಾಗೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ತಪ್ಪೇ. ಅತೃಪ್ತರಲ್ಲಿ ಒಂದು ಪಾಲಿಗೆ ಗಟ್ಟಿ ಕೈಯ ನಾಯಕನೊಬ್ಬ ಬಂದು ಆಳಲಿ ಎಂಬ ಆಸೆ ನಿಜಕ್ಕೂ ಇದೆ. 2025ರ ಫೆಬ್ರವರಿಯ ಚುನಾವಣೆಯಲ್ಲಿ ಕಡು ಬಲಪಂಥೀಯ ಎಎಫ್‌ಡಿ ಪಕ್ಷ ಶೇ 20.8 ಓಟು ಪಡೆದು, ಹಿಂದಿನ ಸಲದ ಎರಡರಷ್ಟಾಯಿತು. ಅದನ್ನು ಯಾರೂ ಹಗುರವಾಗಿ ನೋಡುವಂತಿಲ್ಲ. ಆದರೆ ಆ ಆಸೆಯನ್ನು ಅಳೆಯಲು ಬೇರೆ ಪ್ರಶ್ನೆಗಳಿವೆ. ಇಡೀ ಜನಸಮುದಾಯವನ್ನು ಪ್ರತಿನಿಧಿಸುವ ಒಂದೇ ಬಲವಾದ ಪಕ್ಷ ಬೇಕೇ ಎಂದು ಲೈಪ್‌ಜಿಗ್‌ನವರು ನೇರವಾಗಿಯೇ ಕೇಳುತ್ತಾರೆ. ಅಪಾಯದ ಬಗ್ಗೆ ಬರೆಯಬೇಕಿದ್ದರೆ ಅಂಥ ಉತ್ತರ ಹಿಡಿದು ಬರೆಯಿರಿ. ಬಸ್ಸಿಲ್ಲ ಎಂದವರನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಮತದಾನದ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಸಂಸತ್ ಚುನಾವಣೆಯಲ್ಲಿ 2009ರಲ್ಲಿ ಶೇ 70.8 ಜನ ಓಟು ಹಾಕಿದ್ದರು. 2025ರಲ್ಲಿ ಶೇ 82.5, ಎರಡೂ ಜರ್ಮನಿ ಒಂದಾದ ಮೇಲಿನ ದಾಖಲೆ. ಅಷ್ಟೊಂದು ಅತೃಪ್ತಿ ಇದ್ದ ಕಾಲದಲ್ಲೇ ಮತಗಟ್ಟೆಯ ಸಾಲು ಉದ್ದವಾಯಿತು. ಅವರಲ್ಲಿ ಪ್ರತಿಭಟನೆಗೆಂದು ಹೋದವರೂ ಇದ್ದಾರೆ, ಎಎಫ್‌ಡಿಯನ್ನು ತಡೆಯಬೇಕೆಂದು ಹೋದವರೂ ಇದ್ದಾರೆ. ಬೇಡವಾದ ವಸ್ತುವಿಗೆ ಜನ ಸಾಲು ನಿಲ್ಲುವುದಿಲ್ಲ ಎಂಬಷ್ಟನ್ನು ಮಾತ್ರ ಎಚ್ಚರಿಕೆಯಿಂದ ಹೇಳಬಹುದು.

ವಿಚಾರ ಬೇರೆ, ನಡೆಸಿದ ರೀತಿ ಬೇರೆ ಎಂಬ ಈ ಜೋಡಿ ಜರ್ಮನಿಯ ಸಮೀಕ್ಷೆಗಳಿಗೆ ಹೊಸದಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನಾಡಳಿತ ತನ್ನ ಹಿಡಿತದಲ್ಲಿದ್ದ ಭಾಗದಲ್ಲಿ ಜನರನ್ನು ಕೇಳುತ್ತಿತ್ತು: ನಾಜಿವಾದ ಒಳ್ಳೆಯ ವಿಚಾರವೇ, ನಡೆಸಿದ್ದು ಮಾತ್ರ ಕೆಟ್ಟದಾಗಿಯೇ? 1945ರ ನವೆಂಬರ್‌ನಿಂದ 1946ರ ಡಿಸೆಂಬರ್‌ವರೆಗೆ ಹನ್ನೊಂದು ಸಲ ಕೇಳಿದರು. ಸರಾಸರಿ ಶೇ 47 ಜನ ಹೌದು ಎಂದರು. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದು ಎರಡು ಮಾತನ್ನು ಒಂದೇ ಉಸಿರಿನಲ್ಲಿ ಕೇಳುವ ವಾಕ್ಯ. ಹೌದು ಎಂದವರು ‘ಒಳ್ಳೆಯ ವಿಚಾರ’ ಎಂಬುದಕ್ಕೆ ತಲೆಯಾಡಿಸಿದರೋ ‘ಕೆಟ್ಟದಾಗಿ ನಡೆಸಿದರು’ ಎಂಬುದಕ್ಕೋ, ಉತ್ತರದಿಂದ ತಿಳಿಯುವುದಿಲ್ಲ. ಪೂರ್ವ ಜರ್ಮನಿಯವರನ್ನು ಸಮಾಜವಾದದ ಬಗ್ಗೆ ಇದೇ ಅಚ್ಚಿನ ವಾಕ್ಯ ಇಟ್ಟು ಕೇಳುತ್ತಾ ಬಂದಿದ್ದಾರೆ. ಅಲ್ಲೂ ಹೆಚ್ಚಿನವರು ಹೌದು ಎನ್ನುತ್ತಾರೆ. ಕೂಡಲೇ ಯಾರೋ ‘ಅವರಿಗೆ ಹಳೆಯ ಸರ್ಕಾರ ಬೇಕಂತೆ’ ಎಂದು ಬರೆಯುತ್ತಾರೆ. ಪ್ಲೌವೆನ್‌ನ ಆ ಅಡುಗೆಮನೆಯಲ್ಲಿ ನಾನೇ ಆ ತಪ್ಪಿನ ಅಂಚಿಗೆ ಹೋಗಿ ಬಂದವನು.

ಫೋನಿನಲ್ಲಿ ಆ ಸಂಸ್ಥೆಯ ಹುಡುಗಿ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡಳು. ಚುರುಕಿನ ಹುಡುಗಿ, ಇದು ಅವಳ ಮೊದಲ ರಿಪೋರ್ಟ್. ‘ಸರ್, ಮೂರು ಪ್ರಶ್ನೆ ಕೇಳಲು ನಮ್ಮ ಹತ್ತಿರ ದುಡ್ಡಿಲ್ಲ’ ಎಂದಳು. ಅದು ನಿಜವೇ, ಪ್ರಶ್ನೆ ಒಂದೊಂದಕ್ಕೂ ದುಡ್ಡು. ಒಂದೇ ಪ್ರಶ್ನೆಗೆ ಜಾಗ ಇದ್ದರೆ ಈಗ ಕೇಳಿದ್ದನ್ನೇ ಕೇಳಿ ಎಂದೆ, ಬದಲಿಸಿದರೆ ಹಳೆಯ ವರ್ಷಗಳ ಜೊತೆ ಹೋಲಿಸಲು ಆಗುವುದಿಲ್ಲ. ಆದರೆ ಗ್ರಾಫಿನ ಕೆಳಗೆ ಪ್ರಶ್ನೆಯ ಪೂರ್ತಿ ವಾಕ್ಯವನ್ನು ಹಾಗೇ ಅಚ್ಚು ಹಾಕಿ. ತಲೆಬರಹದಲ್ಲಿ ‘ನಡೆಯುತ್ತಿರುವ ರೀತಿ’ ಎಂಬುದು ಬಿಟ್ಟುಹೋಗಬಾರದು.

‘ಅದು ಸೇರಿದರೆ ತಲೆಬರಹ ಎರಡು ಸಾಲಾಗುತ್ತದೆ ಸರ್’ ಎಂದಳು.

ಆಗಲಿ ಎಂದೆ.