ನೆಬ್ರಾಸ್ಕದ ಈ ಹೊಲ ಮೊದಲು ಯಾರ ಹೆಸರಿಗೆ ಮಂಜೂರಾಯಿತು?

ಓದುಗರ ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ ಒಂದು ಹೊಲವನ್ನು ಸರ್ಕಾರದಿಂದ ಮೊದಲು ಪಡೆದವರು ಯಾರೆಂದು ತಿಳಿಯುವುದು ಹೇಗೆ? ಪತ್ರದಲ್ಲಿ ಚಕ್ಕುಬಂದಿಯೇ ಇಲ್ಲ, ಬರೀ ಅಂಕಿಗಳಿವೆ.

ಆ ಅಂಕಿಗಳೇ ಅಲ್ಲಿನ ಚಕ್ಕುಬಂದಿ. ನೆಬ್ರಾಸ್ಕದ ಗೇಜ್ ಕೌಂಟಿಯ ಒಂದು ಜಮೀನನ್ನೇ ಹಿಡಿದು ನೋಡೋಣ. ಸರ್ಕಾರಿ ನೆಲದಲ್ಲಿ ವಾಸವಿದ್ದು ಉತ್ತವರಿಗೆ ಅದನ್ನೇ ಬಿಟ್ಟುಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಕೊಟ್ಟ ಮೊದಲ ನಂಬರಿನ ಹಕ್ಕುಪತ್ರ ಇದರದ್ದು. ಪಡೆದವರು ಡೇನಿಯಲ್ ಫ್ರೀಮನ್.

ಪತ್ರದ ಒಕ್ಕಣೆ ಹೀಗಿದೆ: ವಾಯವ್ಯ ಕಾಲುಭಾಗದ ದಕ್ಷಿಣಾರ್ಧ, ವಾಯವ್ಯ ಕಾಲುಭಾಗದ ಈಶಾನ್ಯ ಕಾಲು, ಈಶಾನ್ಯ ಕಾಲುಭಾಗದ ನೈಋತ್ಯ ಕಾಲು, ಸೆಕ್ಷನ್ 26, ಟೌನ್‌ಶಿಪ್ 4 ಉತ್ತರ, ರೇಂಜ್ 5 ಪೂರ್ವ. ಇಂಗ್ಲಿಷಿನಲ್ಲಿ ಚಿಕ್ಕ ತುಂಡು ಮೊದಲು, ದೊಡ್ಡದು ಕೊನೆಗೆ ಬರುತ್ತದೆ. ಆದ್ದರಿಂದ ಕೊನೆಯಿಂದ ಓದಬೇಕು. 'ಇದರ ಇದು' ಎಂದು ಕನ್ನಡದಲ್ಲಿ ಹೇಳಿಕೊಂಡರೆ ದೊಡ್ಡದು ತಾನಾಗಿಯೇ ಮೊದಲು ಬರುತ್ತದೆ, ತಪ್ಪೂ ಕಡಿಮೆ.

ನೆಬ್ರಾಸ್ಕದ ಅಳತೆಯೆಲ್ಲ ಕ್ಯಾನ್ಸಸ್ ಗಡಿಯ ಗೆರೆಯಿಂದ ಉತ್ತರಕ್ಕೂ, ಆರನೇ ಪ್ರಧಾನ ಮಧ್ಯಾಹ್ನರೇಖೆ ಎಂಬ ಉತ್ತರ-ದಕ್ಷಿಣ ಗೆರೆಯಿಂದ ಪೂರ್ವ ಪಶ್ಚಿಮಕ್ಕೂ ಎಣಿಸಿದ್ದು. ಟೌನ್‌ಶಿಪ್ ಎಂದರೆ 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕ. ಹಾಗಾಗಿ '4 ಉತ್ತರ' ಎಂದರೆ ಗಡಿಯಿಂದ 18ರಿಂದ 24 ಮೈಲಿ ಒಳಗೆ; 'ರೇಂಜ್ 5 ಪೂರ್ವ' ಎಂದರೆ ಮಧ್ಯಾಹ್ನರೇಖೆಯಿಂದ ಪೂರ್ವಕ್ಕೆ ಐದನೇ ಚೌಕ. ಒಂದು ಟೌನ್‌ಶಿಪ್ಪಿನಲ್ಲಿ ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಸೆಕ್ಷನ್. ಇವುಗಳ ಎಣಿಕೆ ಈಶಾನ್ಯ ಮೂಲೆಯಲ್ಲಿ ಶುರುವಾಗಿ, ನೇಗಿಲ ಸಾಲು ಹೊಡೆಯುವ ಎತ್ತು ಹೊಲದ ತುದಿಯಲ್ಲಿ ತಿರುಗಿ ಬರುವಂತೆ, ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ಬರುತ್ತದೆ. 26ನೆಯದು ಮೇಲಿನಿಂದ ಐದನೇ ಸಾಲಿನಲ್ಲಿ, ಪೂರ್ವದಿಂದ ಎರಡನೆಯದು. ಎಲ್ಲ ಸಾಲನ್ನೂ ಎಡದಿಂದಲೇ ಎಣಿಸಿದರೆ ಬೇರೆ ಯಾರದೋ ಹೊಲದಲ್ಲಿ ಹೋಗಿ ನಿಲ್ಲುತ್ತೀರಿ.

ಸೆಕ್ಷನ್ನಿನ ಕಾಲುಭಾಗ 160 ಎಕರೆ, ಅದರ ಅರ್ಧ 80, ಕಾಲು 40. ಫ್ರೀಮನ್ ಜಮೀನು 80, 40, 40 ಸೇರಿ 160 ಎಕರೆ. ನಮ್ಮ ಲೆಕ್ಕದಲ್ಲಿ 6,400 ಗುಂಟೆ. ಅಲ್ಲಿನ ಮೋಜಿಣಿದಾರರು ಅಳೆದ ಸರಪಳಿ 66 ಅಡಿಯದು, ಸರಿಯಾಗಿ ನಮ್ಮ ಮೋಜಿಣಿಯ 33 ಅಡಿ ಸರಪಳಿಯ ಎರಡರಷ್ಟು. ಒಂದೇ ಚೌಕ ತೆಗೆದುಕೊಳ್ಳದೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆರಿಸಿದ ಈ ನೆಲದಲ್ಲಿ ಕಬ್ ಕ್ರೀಕ್ ಹಳ್ಳ ಹರಿಯುತ್ತದೆ. ಮರವಿಲ್ಲದ ಹುಲ್ಲುಗಾವಲಿನಲ್ಲಿ ಹಳ್ಳದ ದಂಡೆ ಎಂದರೆ ನೀರೂ ಹೌದು, ಸೌದೆಯೂ ಹೌದು.

ಅಲ್ಪವಿರಾಮದ ವಿಷಯದಲ್ಲಿ ಬಹಳ ಎಚ್ಚರ ಬೇಕು. 'ನೈಋತ್ಯ ಕಾಲುಭಾಗದ ಉತ್ತರಾರ್ಧ' (ಇಂಗ್ಲಿಷಿನಲ್ಲಿ N½ SW¼) 80 ಎಕರೆ. ನಕಲು ಮಾಡುವಾಗ ಇಂಗ್ಲಿಷಿನ ಎರಡು ತುಂಡುಗಳ ನಡುವೆ ಒಂದು ಅಲ್ಪವಿರಾಮ ಬಿದ್ದರೆ ಅದೇ ಸಾಲು 'ಉತ್ತರಾರ್ಧ ಮತ್ತು ನೈಋತ್ಯ ಕಾಲುಭಾಗ' ಆಗಿ 480 ಎಕರೆಗೆ ಏರುತ್ತದೆ. ಒಕ್ಕಣೆಯಿಂದ ಬಂದ ಎಕರೆಯನ್ನು ಪತ್ರದಲ್ಲಿ ನಮೂದಾದ ಎಕರೆಯೊಂದಿಗೆ ಯಾವಾಗಲೂ ತಾಳೆ ನೋಡಿ. ಟೌನ್‌ಶಿಪ್ಪಿನ ಉತ್ತರ ಮತ್ತು ಪಶ್ಚಿಮ ಅಂಚಿನಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಸಹಜ. ಅಳತೆಯ ಹೆಚ್ಚುಕಡಿಮೆಯನ್ನೆಲ್ಲ ಆ ಅಂಚಿಗೇ ತಳ್ಳುತ್ತಿದ್ದರು.

ಒಕ್ಕಣೆ ಬಿಡಿಸಿದ ಮೇಲೆ ಫೆಡರಲ್ ಭೂ ನಿರ್ವಹಣಾ ಬ್ಯೂರೋದ ಆನ್‌ಲೈನ್ ಭೂದಾಖಲೆಯಲ್ಲಿ ರಾಜ್ಯ, ಮಧ್ಯಾಹ್ನರೇಖೆ, ಟೌನ್‌ಶಿಪ್, ರೇಂಜ್, ಸೆಕ್ಷನ್ ಹಾಕಿ ಹುಡುಕಿ. ಹಕ್ಕುಪತ್ರದ ಚಿತ್ರವೇ ಸಿಗುತ್ತದೆ. ಅದರ ತಾರೀಖನ್ನು ಕುಟುಂಬ ಬಂದಿಳಿದ ವರ್ಷವೆಂದು ತಿಳಿಯಬೇಡಿ. ಫ್ರೀಮನ್ ಬ್ರೌನ್‌ವಿಲ್ ಕಚೇರಿಯಲ್ಲಿ ಅರ್ಜಿ ಕೊಟ್ಟದ್ದು 1863ರ ಜನವರಿ 1ರಂದು, ಹಕ್ಕುಪತ್ರ ಬಂದದ್ದು 1869ರ ಸೆಪ್ಟೆಂಬರ್ 1ಕ್ಕೆ. ನಡುವೆ ಐದು ವರ್ಷ ಅಲ್ಲೇ ವಾಸವಿದ್ದು, ಉತ್ತು ಬಿತ್ತು, ಇಬ್ಬರು ಸಾಕ್ಷಿಗಳಿಂದ ಹೇಳಿಸಬೇಕಿತ್ತು. ನಮ್ಮ ದರಖಾಸ್ತು ಜಮೀನಿನ ಷರತ್ತುಗಳನ್ನು ಬಲ್ಲವರಿಗೆ ಇದು ಹೊಸದಲ್ಲ.

ಊರಿನ ಇತಿಹಾಸ ಬೇಕೆಂದರೆ ಹಕ್ಕುಪತ್ರಕ್ಕೆ ನಿಲ್ಲದೆ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಅರ್ಜಿ ಕಡತಕ್ಕೆ ಹೋಗಲೇಬೇಕು. 1908ಕ್ಕೆ ಹಿಂದಿನದಾದರೆ ರಾಜ್ಯ, ಭೂ ಕಚೇರಿ, ಷರತ್ತು ಪೂರೈಸಿದ ಮೇಲೆ ಕೊಡುತ್ತಿದ್ದ ಅಂತಿಮ ಪ್ರಮಾಣಪತ್ರದ ಸಂಖ್ಯೆ, ಈ ಮೂರೂ ಬೇಕು. ಫ್ರೀಮನ್ ಕಡತದಲ್ಲಿ ಸಾಕ್ಷಿಗಳು ಹೇಳಿರುವುದು ನೋಡಿ: 14ಕ್ಕೆ 20 ಅಡಿಯ ಮನೆ, ಎರಡು ಬಾಗಿಲು, ಎರಡು ಕಿಟಕಿ, ಸುಮಾರು 35 ಎಕರೆ ಉಳುಮೆ, 100 ಅಡಿ ಉದ್ದದ ಕುರಿದೊಡ್ಡಿ, 40 ಸೇಬಿನ ಗಿಡ, 400ರಷ್ಟು ಪೀಚ್ ಗಿಡ. ಐದು ವರ್ಷದ ಬದುಕು ಕಣ್ಣಿಗೆ ಕಟ್ಟುತ್ತದೆ.

ಅರ್ಜಿ ಹಾಕಿ, ಸಾಲ ಬರ ತಾಳದೆ ಬಿಟ್ಟುಹೋದವರ ಹೆಸರು ಹಕ್ಕುಪತ್ರದಲ್ಲಿ ಬರುವುದಿಲ್ಲ. ಅವರಿಗಾಗಿ ಭೂ ಕಚೇರಿಯು ಜಮೀನುವಾರು ಅರ್ಜಿಗಳನ್ನು ಬರೆದಿಟ್ಟ ಟ್ರ್ಯಾಕ್ಟ್ ಪುಸ್ತಕ ತೆರೆಯಬೇಕು. ಮುಂದಿನ ಕ್ರಯ, ಅಡಮಾನಗಳು ಬಿಯಾಟ್ರಿಸ್ ಪಟ್ಟಣದಲ್ಲಿರುವ ಕೌಂಟಿಯ ನೋಂದಣಿ ಕಚೇರಿಯಲ್ಲಿವೆ.

ಹೊಲ ಗೇಜ್ ಕೌಂಟಿಯ ದಕ್ಷಿಣ ಭಾಗದಲ್ಲಿದ್ದರೆ 'ಮೊದಲು' ಎಂಬ ಮಾತನ್ನು ನಿಧಾನವಾಗಿ ಬಳಸಿ. 1854ರ ಒಪ್ಪಂದದಂತೆ ಬಿಗ್ ಬ್ಲೂ ನದಿಯ ಬಳಿಯ ಆ ನೆಲ ಓಟೊ-ಮಿಸೂರಿಯಾ ಜನರಿಗೆ ಮೀಸಲಾಗಿತ್ತು. ಅದನ್ನು ಬಿಡಿಸಿ ಮಾರಿ, 1880ರ ದಶಕದ ಆರಂಭದಲ್ಲಿ ಅವರನ್ನು ಇಂದಿನ ಓಕ್ಲಹೋಮಕ್ಕೆ ಕಳಿಸಿದರು. ಅಲ್ಲಿನ ಹಕ್ಕುಪತ್ರದಲ್ಲಿ ಯಾವ ಕಾಯ್ದೆ ಎಂಬ ಸಾಲನ್ನು ಮೊದಲು ಓದಿ: ಹೋಮ್‌ಸ್ಟೆಡ್ ಕಾಯ್ದೆಯ ಬದಲು ಮೀಸಲು ನೆಲದ ಮಾರಾಟದ ಕಾಯ್ದೆ ಕಂಡರೆ, ಅದಕ್ಕಿಂತ ಹಿಂದಿನವರ ಹೆಸರು ಕೌಂಟಿಯ ಪುಸ್ತಕಗಳಲ್ಲಿ ಸಿಗುವುದಿಲ್ಲ, ಒಪ್ಪಂದದ ಕಾಗದಗಳಲ್ಲೇ ಹುಡುಕಬೇಕು.