ಚಪ್ಪಲಿ, ಮೊಣಕಾಲು, ಮೌನ: ಚರ್ಚಿನಲ್ಲಿ ಭಯಭಕ್ತಿ ಯಾವುದರಲ್ಲಿದೆ?

ಪ್ರಶ್ನೆ: ಸಹೋದ್ಯೋಗಿಯ ಮಗಳ ಮದುವೆಗೆಂದು ಚಿಕ್ಕಮಗಳೂರಿನ ಚರ್ಚೊಂದಕ್ಕೆ ಹೋಗಿದ್ದೆವು. ಹೆಚ್ಚಿನವರು ಬೂಟು, ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು. ವಯಸ್ಸಾದ ಹೆಂಗಸರು ಕೆಲವರು ಮೆಟ್ಟಿಲ ಬಳಿಯೇ ಬಿಟ್ಟರು. ಕೆಲವರು ಒಂದು ಮೊಣಕಾಲನ್ನು ನೆಲಕ್ಕೂರಿ ಎದ್ದರು, ಉಳಿದವರು ನೇರವಾಗಿ ಹೋಗಿ ಬೆಂಚಿನಲ್ಲಿ ಕುಳಿತರು. ನಾವು ಯಾರನ್ನು ಅನುಸರಿಸಬೇಕಿತ್ತು? ದೇವಸ್ಥಾನದಲ್ಲಿರುವಂಥ ಕಟ್ಟುಪಾಡು ನಿಮ್ಮಲ್ಲಿ ಇಲ್ಲವೆ? ಚರ್ಚ್ ಕಟ್ಟಡದ ಬಗ್ಗೆ ಕ್ರೈಸ್ತರಿಗೆ ಇರಬೇಕಾದ ಭಯಭಕ್ತಿ ಎಂದರೆ ನಿಜವಾಗಿ ಏನು?
– ಓದುಗರೊಬ್ಬರು, ಹಾಸನ

ಉತ್ತರ: ಚಪ್ಪಲಿಯ ವಿಚಾರವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಬಿಡಲೇಬೇಕು ಎಂಬ ನಿಯಮವಿಲ್ಲ, ಬಿಡಬಾರದು ಎಂಬುದೂ ಇಲ್ಲ. ಬೇಲೂರಿನಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ಅಭ್ಯಾಸವಿರುವ ಜಿಲ್ಲೆಯವರಿಗೆ ಇದು ವಿಚಿತ್ರವೆನಿಸಿದರೆ ತಪ್ಪಿಲ್ಲ. ಬೈಬಲಿನಲ್ಲೇ ಉರಿಯುವ ಪೊದೆಯ ಮುಂದೆ ನಿಂತ ಮೋಶೆಗೆ, ನೀನು ನಿಂತಿರುವ ನೆಲ ಪವಿತ್ರವಾದದ್ದು, ಕಾಲಿನ ಕೆರ ತೆಗೆ ಎಂಬ ಅಪ್ಪಣೆಯಾಗುತ್ತದೆ (ವಿಮೋಚನಕಾಂಡ 3:5). ಆದರೆ ಯುರೋಪಿನಂಥ ಚಳಿ ದೇಶಗಳಲ್ಲಿ ಗಂಡಸರು ತಲೆಯ ಟೋಪಿ ತೆಗೆಯುವುದೇ ಗೌರವದ ಗುರುತಾಯಿತು. ಅಲ್ಲಿಂದ ಬಂದ ಮಿಷನರಿಗಳ ಜೊತೆ ಆ ರೂಢಿಯೂ ಹಡಗು ಹತ್ತಿ ಬಂತು. ನಮ್ಮ ಹಳ್ಳಿಗಳ ಜನ ಮಾತ್ರ ತಮ್ಮದೇ ರೂಢಿಯನ್ನು ಉಳಿಸಿಕೊಂಡರು. 1969ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪ್ಪರು) ಕೇಳಿಕೊಂಡಂತೆ ಆರಾಧನೆಯಲ್ಲಿ ಹನ್ನೆರಡು ಬಗೆಯ ಭಾರತೀಯ ಪದ್ಧತಿಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿಯುವುದು, ಆರತಿ ಎತ್ತುವುದು, ಎಲ್ಲವೂ ಅದರಲ್ಲಿದ್ದವು. ಹಾಗಾಗಿ ಆ ಹಿರಿಯ ಹೆಂಗಸರು ಮಾಡಿದ್ದೂ ಸರಿ, ಬೂಟಿನವರು ಮಾಡಿದ್ದೂ ಸರಿ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡರೆ ನಿಮ್ಮದನ್ನೂ ಬಿಡಿ. ಇಲ್ಲದಿದ್ದರೆ ಹಾಕಿಕೊಂಡೇ ನಡೆಯಿರಿ.

ಮೊಣಕಾಲಿನ ವಿಚಾರ ಅಷ್ಟು ಬೇಗ ಮುಗಿಯುವುದಿಲ್ಲ. ನಿಮ್ಮ ದೊಡ್ಡ ಪ್ರಶ್ನೆ ಅಡಗಿರುವುದು ಅಲ್ಲಿಯೇ.

ಕಥೋಲಿಕ ಚರ್ಚಿನಲ್ಲಿ ಬಲಿಪೀಠದ, ಅಂದರೆ ಗುರುಗಳು ಪೂಜೆ ಅರ್ಪಿಸುವ ಮೇಜಿನ, ಹಿಂದೆಯೋ ಪಕ್ಕದಲ್ಲಿಯೋ ಬೀಗವಿರುವ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಅದರ ಹತ್ತಿರ ಸದಾ ಉರಿಯುವ ದೀಪವೊಂದು. ಬಲಿಪೂಜೆ ಎಂದು ಕರೆಯುವ ಮುಖ್ಯ ಆರಾಧನೆಯಲ್ಲಿ ಅರ್ಪಿತವಾದ ರೊಟ್ಟಿಯಲ್ಲಿ ಕ್ರಿಸ್ತನೇ ನಿಜವಾಗಿ ಇದ್ದಾನೆ ಎಂಬುದು ಕಥೋಲಿಕರ ನಂಬಿಕೆ. ಆ ಪರಮಪ್ರಸಾದವನ್ನು ಇಡುವುದು ಈ ಪೆಟ್ಟಿಗೆಯಲ್ಲಿ. ಒಳಗೆ ಬಂದವರು ಬಲ ಮೊಣಕಾಲೂರಿದ್ದು ಆ ಇರುವಿಕೆಗೆ. ಗೋಡೆಗಲ್ಲ, ಮೂರ್ತಿಗಳಿಗೂ ಅಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದರೆ ಶುಭ ಶುಕ್ರವಾರದಂದು ಚರ್ಚಿಗೆ ಬನ್ನಿ. ಅಂದು ಆ ಪೆಟ್ಟಿಗೆ ಖಾಲಿ, ಬಾಗಿಲು ತೆರೆದಿರುತ್ತದೆ, ದೀಪ ಆರಿರುತ್ತದೆ. ವರ್ಷವೆಲ್ಲ ಅದರ ಮುಂದೆ ಮೊಣಕಾಲೂರುತ್ತಿದ್ದ ಜನ ಅಂದು ಅದನ್ನು ದಾಟಿ ಹೋಗುತ್ತಾರೆ, ಶಿಲುಬೆಯ ಮುಂದೆ ಮಾತ್ರ ಮಂಡಿಯೂರುತ್ತಾರೆ. ಕಟ್ಟಡ ಅದೇ, ಬಲಿಪೀಠ ಅದೇ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಅಂಥ ಪೆಟ್ಟಿಗೆ ಇರುವುದಿಲ್ಲ, ಹಾಗಾಗಿ ಮೊಣಕಾಲೂರುವ ರೂಢಿಯೂ ಇಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಇಬ್ಬರೂ ಇದ್ದಾರೆ. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಕಥೋಲಿಕರು ಒಂದು ಕಡೆ, 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐನವರು ಇನ್ನೊಂದು ಕಡೆ. ಮದುವೆಯ ಮನೆಯಲ್ಲಿ ಎಲ್ಲರೂ ಕಲೆತಿರುತ್ತಾರೆ. ನೇರವಾಗಿ ಹೋಗಿ ಬೆಂಚಿನಲ್ಲಿ ಕುಳಿತವರು ಅಸಡ್ಡೆಯವರಲ್ಲ, ಬಹುಶಃ ಸಿಎಸ್ಐನವರು. ಅಥವಾ ತಡವಾಗಿ ಬಂದ ಕಥೋಲಿಕರು!

ಹಾಗಾದರೆ ಪ್ರೊಟೆಸ್ಟೆಂಟರಿಗೆ ಕಟ್ಟಡ ಬರೀ ಸಭಾಂಗಣವೆ? ಹಾಗೆಂದು ಹೇಳುವವರು ಅವರಲ್ಲೇ ಇದ್ದಾರೆ. ಆದರೆ ಸ್ವಿಸ್ ಸುಧಾರಕ ಹೈನ್‌ರಿಕ್ ಬುಲಿಂಗರ್ ಬರೆದ, 1566ರಲ್ಲಿ ಪ್ರಕಟವಾದ ವಿಶ್ವಾಸ ಪ್ರಮಾಣ ಬೇರೆಯೇ ಮಾತು ಹೇಳುತ್ತದೆ. ಕೈಯಿಂದ ಕಟ್ಟಿದ ಗುಡಿಗಳಲ್ಲಿ ದೇವರು ವಾಸಿಸುವುದಿಲ್ಲ ಎಂದು ಒಪ್ಪಿಕೊಂಡೇ, ದೇವರ ವಾಕ್ಯ ಮತ್ತು ಪವಿತ್ರ ಬಳಕೆಯ ಕಾರಣದಿಂದ ಆ ಜಾಗ ಪವಿತ್ರವಾಗುತ್ತದೆ, ಅಲ್ಲಿರುವವರು ದೇವರ ಹಾಗೂ ದೇವದೂತರ ಎದುರಿನಲ್ಲಿರುವಂತೆ ವಿನಯದಿಂದ ನಡೆದುಕೊಳ್ಳಬೇಕು ಎನ್ನುತ್ತದೆ ಅದು. ಎರಡು ಪಂಗಡಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಜಾಗದಲ್ಲಿ ನಿಲ್ಲುತ್ತವೆ. ಕಲ್ಲಿಗೆ ತನ್ನದೇ ಆದ ಪಾವಿತ್ರ್ಯವಿಲ್ಲ, ಅಲ್ಲಿ ನಡೆಯುವ ಕಾರ್ಯದಿಂದ ಅದಕ್ಕೆ ಬರುತ್ತದೆ.

ಕಟ್ಟಡವನ್ನೇ ದೇವರ ಮನೆ ಎನ್ನಲು ಇರುವ ಈ ಸಂಕೋಚ ಬಹಳ ಹಳೆಯದು. ಜೆರುಸಲೇಮಿನ ಭವ್ಯ ದೇವಾಲಯವನ್ನು ಕಟ್ಟಿಸಿದ ಸೊಲೊಮೋನನೇ ಪ್ರತಿಷ್ಠಾಪನೆಯ ದಿನ, ಆಕಾಶವೇ ಹಿಡಿಸಲಾರದ ದೇವರು ನಾನು ಕಟ್ಟಿದ ಈ ಮನೆಯಲ್ಲಿ ಹಿಡಿಸುವನೆ ಎಂದು ಕೇಳುತ್ತಾನೆ (1 ಅರಸುಗಳು 8:27). ಇದೇ ಮಾತನ್ನು ಜೆರುಸಲೇಮಿನಲ್ಲಿ ಆಡಿದ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನ ಮೇಲೆ ಜನ ಕಲ್ಲು ತೂರಿದರು. ಯೇಸುವಿನ ಪ್ರೇಷಿತ ಪೌಲನೂ ಅಥೇನ್ಸಿನಲ್ಲಿ ಇದನ್ನೇ ಆಡಿದ. ಮೊದಲ ಮುನ್ನೂರು ವರ್ಷ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲೇ ಸೇರುತ್ತಿದ್ದರು. ಸಿರಿಯಾದ ಯೂಫ್ರೆಟಿಸ್ ದಡದ ದೂರಾ ಯುರೋಪೋಸ್ ಎಂಬ ಊರಿನಲ್ಲಿ ಅಂಥದೊಂದು ಮನೆ ಅಗೆತದಲ್ಲಿ ಸಿಕ್ಕಿದೆ. 3ನೇ ಶತಮಾನದಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ದೊಡ್ಡದು ಮಾಡಿ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ, ಅಂದರೆ ಕ್ರೈಸ್ತರಾಗುವವರಿಗೆ ನೀರಿನಿಂದ ಮಾಡುವ ಸಂಸ್ಕಾರದ, ತೊಟ್ಟಿ ಕಟ್ಟಿಕೊಂಡಿದ್ದರು. ಹೊರಗಿನಿಂದ ನೋಡಿದರೆ ಅದು ಎಲ್ಲರಂಥ ಮನೆ. 313ರಲ್ಲಿ ರೋಮನ್ ಸಾಮ್ರಾಜ್ಯದಲ್ಲಿ ಸ್ವಾತಂತ್ರ್ಯ ಸಿಕ್ಕ ಮೇಲೆ ದೊಡ್ಡ ದೊಡ್ಡ ಚರ್ಚುಗಳು ಎದ್ದವು. ಜನ ಮೊದಲು, ಕಟ್ಟಡ ಆಮೇಲೆ.

ಕಟ್ಟಡಕ್ಕೂ ಜನಕ್ಕೂ ಇರುವ ಈ ನಂಟು ಹೊಸ ಚರ್ಚಿನ ಪ್ರತಿಷ್ಠಾಪನೆಯಲ್ಲಿ ಕಣ್ಣಿಗೆ ಕಾಣುತ್ತದೆ. ಕಥೋಲಿಕ ವಿಧಿಯಲ್ಲಿ ಧರ್ಮಾಧ್ಯಕ್ಷರು ಬಲಿಪೀಠದ ಮೇಲೆ ಪರಿಮಳದ ತೈಲ ಸುರಿದು ಉಜ್ಜುತ್ತಾರೆ, ಬಳಿಕ ಗೋಡೆಯ ಹನ್ನೆರಡು ಅಥವಾ ನಾಲ್ಕು ಕಡೆ ಅದನ್ನೇ ಶಿಲುಬೆಯ ಆಕಾರದಲ್ಲಿ ಹಚ್ಚುತ್ತಾರೆ. ದೀಕ್ಷಾಸ್ನಾನವಾದ ಮಗುವಿನ ನೆತ್ತಿಗೆ ಸವರುವ ತೈಲವೂ ಅದೇ. ಗೋಡೆಗೆ ಸಿಕ್ಕಿದ ಗೌರವ ಕೂಲಿಯವನ ಮಗುವಿಗೂ ಸಿಕ್ಕಿರುತ್ತದೆ, ಅದೇ ಬುಡ್ಡಿಯಿಂದ. ಇಷ್ಟು ವರ್ಷ ಬಲಿಪೂಜೆಗೆ ಹೋಗುತ್ತಿರುವ ನಮ್ಮವರಲ್ಲೇ ಎಷ್ಟೋ ಜನ ಇದನ್ನು ಗಮನಿಸಿಲ್ಲ.

ಹಾಸನದವರಾದ ನಿಮಗೆ ಶೆಟ್ಟಿಹಳ್ಳಿಯ ಚರ್ಚು ಗೊತ್ತೇ ಇದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು ಆದ ಮೇಲೆ ಊರು ಖಾಲಿಯಾಯಿತು. ಮಳೆಗಾಲದಲ್ಲಿ ಹಿನ್ನೀರು ಅದನ್ನು ಅರ್ಧ ನುಂಗುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಈಗ ಅಲ್ಲಿ ಛಾವಣಿಯಿಲ್ಲ, ಬಲಿಪೀಠವಿಲ್ಲ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬರುವ ಜೋಡಿಗಳಿಗೆ ಕೊರತೆಯಿಲ್ಲ. ಇದು ಅಪಚಾರವಲ್ಲವೆ ಎಂದು ಕೇಳುವವರಿದ್ದಾರೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1212ನೇ ವಿಧಿ ಇದಕ್ಕೆ ಉತ್ತರ ಕೊಡುತ್ತದೆ: ಪವಿತ್ರ ಸ್ಥಳವೊಂದು ಬಹುಪಾಲು ನಾಶವಾದರೆ, ಅಥವಾ ಶಾಶ್ವತವಾಗಿ ಲೌಕಿಕ ಬಳಕೆಗೆ ಹೋದರೆ, ಅದಕ್ಕೆ ಕೊಟ್ಟಿದ್ದ ಪ್ರತಿಷ್ಠೆ ಇಲ್ಲವಾಗುತ್ತದೆ. ಹೀಗೆ ಕಾನೂನು ಮಾಡಿಟ್ಟವರಿಗೆ ಭಾವುಕತೆ ಕಡಿಮೆ ಎನಿಸಬಹುದು. ನನಗಂತೂ ಅದು ಆರೋಗ್ಯಕರ ಎನಿಸುತ್ತದೆ. ಅಲ್ಲಿ ಮೊಣಕಾಲೂರಬೇಕಾಗಿಲ್ಲ, ಫೋಟೋ ತೆಗೆಸಿಕೊಂಡವರು ದೇವನಿಂದೆ ಮಾಡಿದಂತೆಯೂ ಅಲ್ಲ. ಆದರೆ ಆ ಊರು ಬಿಟ್ಟು ಎದ್ದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರ ಅಜ್ಜ ಅಜ್ಜಿಯರಿಗೆ ಹೆಸರಿಟ್ಟದ್ದು, ತಾಳಿ ಕಟ್ಟಿಸಿದ್ದು ಆ ಗೋಡೆಗಳ ನಡುವೆ. ಕಂಬದ ಮೇಲೆ ಹೃದಯ ಕೆತ್ತಿ, ಬಾಟಲಿ ಒಡೆದು ಬರುವುದು ಅವರಿಗೆ ಮಾಡುವ ಅವಮಾನ. ಅದಕ್ಕೆ ಧರ್ಮಶಾಸ್ತ್ರ ಬೇಕಿಲ್ಲ, ಮರ್ಯಾದೆ ಸಾಕು.

ಇನ್ನು ಕಟ್ಟುಪಾಡಿಗೆ ಬರೋಣ. ಮಡಿ-ಮೈಲಿಗೆಯ ಅರ್ಥದಲ್ಲಿ ಇಲ್ಲ. ಸ್ನಾನ ಮಾಡದೆ, ತಿಂಗಳ ದಿನಗಳಲ್ಲಿ, ಸೂತಕದಲ್ಲಿ ಬರಬಾರದು ಎಂಬುದಿಲ್ಲ. ಸೂತಕದ ಹೆಣವನ್ನೇ ಒಳಗೆ ತರುತ್ತೇವೆ. ಹೆಂಗಸರು ತಲೆಯ ಮೇಲೆ ಸೆರಗು ಹೊದೆಯಬೇಕೆಂದು 1917ರ ಕಥೋಲಿಕ ಸಂಹಿತೆಯಲ್ಲಿತ್ತು, 1983ರದ್ದರಲ್ಲಿ ಬಿಟ್ಟುಹೋಯಿತು. ನಮ್ಮ ಕಡೆ ಅನೇಕರು ಪ್ರೀತಿಯಿಂದ ಇಂದಿಗೂ ಹೊದೆಯುತ್ತಾರೆ. ಆದರೆ ಬೈಬಲ್ ಆರಾಧನೆಯ ಅಪಚಾರದ ಬಗ್ಗೆ ನಿಜವಾಗಿ ಸಿಟ್ಟಾಗುವ ಜಾಗಗಳನ್ನು ಹುಡುಕಿ ಓದಿದರೆ, ಅಲ್ಲಿ ಚಪ್ಪಲಿಯೂ ಇಲ್ಲ, ಸೆರಗೂ ಇಲ್ಲ, ಮಕ್ಕಳ ಗಲಾಟೆಯೂ ಇಲ್ಲ.

ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ನೋಡಿ. ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದಾಗ ಒಳ್ಳೆಯ ಆಸನ ತೋರಿಸಿ, ಕೊಳಕು ಬಟ್ಟೆಯ ಬಡವನಿಗೆ ಅಲ್ಲಿ ನಿಲ್ಲು, ಇಲ್ಲವೆ ನನ್ನ ಕಾಲ ಹತ್ತಿರ ಕೂರು ಎಂದರೆ ನೀವು ಕೆಟ್ಟ ಮನಸ್ಸಿನ ನ್ಯಾಯಾಧಿಪತಿಗಳಾದಿರಿ ಎನ್ನುತ್ತಾನೆ. ಗ್ರೀಸಿನ ಕೊರಿಂಥದಲ್ಲಿ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ಆರಾಧನೆಗೆ, ಸೇರಿದಾಗ ಉಳ್ಳವರು ಮುಂಚೆಯೇ ತಿಂದು ಕುಡಿದು, ಇಲ್ಲದವರು ಹಸಿದು ಕೂತರು. ಇದಕ್ಕೆ ಪೌಲ, ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದ. ಯೇಸು ದೇವಾಲಯದಲ್ಲಿ ಮೇಜು ಉರುಳಿಸಿದಾಗ ನೆನಪಿಸಿದ್ದು ಪ್ರವಾದಿ ಯೆಶಾಯನ ಮಾತನ್ನು: ಇದು ಎಲ್ಲ ಜನಾಂಗಗಳಿಗೂ ಪ್ರಾರ್ಥನೆಯ ಮನೆ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ನಿಂತಾಗ ಸಹೋದರನ ಜೊತೆ ಜಗಳವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದವನೂ ಅವನೇ (ಮತ್ತಾಯ 5:23-24). ಅಂದರೆ ಪೂಜೆಯ ನಡುವೆ ಎದ್ದು ಹೋಗುವುದು ಕೆಲವೊಮ್ಮೆ ದೊಡ್ಡ ಭಕ್ತಿ!

ಇದನ್ನು ನಾವು ಪಾಲಿಸಿದ್ದೇವೆಯೆ? ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂ ಚರ್ಚಿನಲ್ಲಿ ಜಾತಿಗನುಸಾರ ಜನರನ್ನು ಬೇರೆ ಕೂರಿಸಲು ಒಳಗೇ ಗೋಡೆ ಇತ್ತು. 1910ರಲ್ಲಿ ಅದನ್ನು ಕೆಡವಿದಾಗ ಮೇಲ್ಜಾತಿಯ ಕ್ರೈಸ್ತರು ಕೋರ್ಟಿಗೆ ಹೋದರು; ಮದ್ರಾಸ್ ಹೈಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಆ ಗೋಡೆಯ ಎರಡೂ ಬದಿಯಲ್ಲಿ ಜನ ಮೌನವಾಗಿ, ಶಿಸ್ತಾಗಿ ಮೊಣಕಾಲೂರಿಯೇ ಇದ್ದಿರಬೇಕು. ಕಾಫಿ ಸೀಮೆಯಲ್ಲಿ ಅಂಥ ಗೋಡೆ ಬೇಕಾಗುವುದೂ ಇಲ್ಲ. ತೋಟದ ಸಾಹುಕಾರರು ಬಂದರೆ ಮುಂದಿನ ಬೆಂಚು ತಾನಾಗಿ ಖಾಲಿಯಾಗುತ್ತದೆ, ಅದೇ ತೋಟದಲ್ಲಿ ಹಣ್ಣು ಕೊಯ್ಯುವವರು ತಾವಾಗಿ ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆ. ಚರ್ಚಿನಲ್ಲಿ ಭಕ್ತಿ ಕಡಿಮೆಯಾಯಿತು ಎಂದು ಗೊಣಗುವವರು ಮೊಬೈಲ್ ಬಗ್ಗೆ, ಹುಡುಗಿಯರ ಉಡುಪಿನ ಬಗ್ಗೆ ಮಾತಾಡುತ್ತಾರೆ. ಈ ಬೆಂಚಿನ ವಿಚಾರ ಎತ್ತಿದ್ದನ್ನು ನಾನು ಹೆಚ್ಚು ಕೇಳಿಲ್ಲ. 4ನೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಪ್ರಸಂಗ ಮಾಡುತ್ತಿದ್ದ ಸಂತ ಜಾನ್ ಕ್ರಿಸೊಸ್ತೊಮ್ ಎತ್ತಿದ್ದ. ಒಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ ಹೊರಗೆ ಚಳಿಯಲ್ಲಿ ಬೆತ್ತಲೆ ನಿಂತ ಅವನನ್ನೇ ಕಡೆಗಣಿಸಬೇಡಿ ಎಂದು ನೇರವಾಗಿ ಹೇಳಿದ. ಕೇಳುಗರಲ್ಲಿ ಚಿನ್ನದ ಪಾತ್ರೆ ಕಾಣಿಕೆ ಕೊಡುವ ಶ್ರೀಮಂತರೂ ಇದ್ದರು.

ಹಾಗೆಂದು ಮೌನ, ಮೊಣಕಾಲು, ಮುಗಿದ ಕೈ ಇವೆಲ್ಲ ತೋರಿಕೆ ಎಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಮನೆಗೆ ಹಿರಿಯರು ಬಂದಾಗ ನಾವು ಕೂತಲ್ಲಿಂದ ಏಳುತ್ತೇವೆ. ಒಳಗಿನ ಗೌರವ ಸಾಕು, ಏಳುವುದೇಕೆ ಎಂದು ಯಾರೂ ವಾದ ಮಾಡುವುದಿಲ್ಲ. ದೇಹ ಕಲಿತದ್ದನ್ನು ಮನಸ್ಸು ನಿಧಾನವಾಗಿ ಕಲಿಯುತ್ತದೆ. ಮೌನಕ್ಕೆ ಇನ್ನೂ ಸರಳವಾದ ಕಾರಣವಿದೆ: ಪಕ್ಕದ ಬೆಂಚಿನಲ್ಲಿ ಯಾರೋ ತಮ್ಮ ಕಷ್ಟ ಹೇಳಿಕೊಳ್ಳಲು ಬಂದಿರುತ್ತಾರೆ. ಅಳುವ ಮಗುವಿಗೆ ಈ ನಿಯಮ ಅನ್ವಯಿಸುವುದಿಲ್ಲ, ಅದರ ತಾಯಿಯನ್ನು ತಿರುಗಿ ತಿರುಗಿ ನೋಡುವವರಿಗೆ ಅನ್ವಯಿಸುತ್ತದೆ.

ಇನ್ನೊಮ್ಮೆ ಮದುವೆಗೆ ಹೋಗುವಾಗ ನೆನಪಿಡಬೇಕಾದ್ದು ಹೆಚ್ಚೇನಿಲ್ಲ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂತುಕೊಳ್ಳಿ. ಅವರು ಮೊಣಕಾಲೂರಿದಾಗ ನೀವು ಸುಮ್ಮನೆ ಕುಳಿತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಲಿಪೀಠದ ಮೆಟ್ಟಿಲು ಹತ್ತಿ ಫೋಟೋ ತೆಗೆಯಬೇಡಿ, ಅದನ್ನು ಮಾಡಲು ಗೊತ್ತುಪಡಿಸಿದ ಛಾಯಾಗ್ರಾಹಕರೇ ಬೇಕಾದಷ್ಟು ಮಾಡಿರುತ್ತಾರೆ. ಒಂದೇ ಒಂದು ವಿಷಯದಲ್ಲಿ ಎಚ್ಚರ ಬೇಕು. ಕಥೋಲಿಕ ಬಲಿಪೂಜೆಯ ಕೊನೆಯ ಭಾಗದಲ್ಲಿ ಜನ ಸಾಲಾಗಿ ಹೋಗಿ ಬಿಳಿಯ ದುಂಡನೆಯ ರೊಟ್ಟಿ ಸ್ವೀಕರಿಸುತ್ತಾರೆ. ದೇವಸ್ಥಾನದ ಪ್ರಸಾದದಂತೆ ಅದು ಬಂದವರಿಗೆಲ್ಲ ಹಂಚುವಂಥದ್ದಲ್ಲ. ಕಥೋಲಿಕರಲ್ಲದವರು, ಅಷ್ಟೇ ಏಕೆ, ಗಂಭೀರ ಪಾಪ ಮಾಡಿ ಗುರುಗಳ ಬಳಿ ಪಾಪನಿವೇದನೆ ಮಾಡದ ಕಥೋಲಿಕರೂ ತೆಗೆದುಕೊಳ್ಳುವಂತಿಲ್ಲ. ಆಗ ನಿಮ್ಮ ಜಾಗದಲ್ಲೇ ಕುಳಿತಿರಿ, ಸಾಲಿನವರಿಗೆ ದಾರಿ ಬಿಡಿ. ಗೊತ್ತಿಲ್ಲದೆ ಸಾಲಿನಲ್ಲಿ ಹೋಗಿ ಕೈಗೆ ಸಿಕ್ಕಿಬಿಟ್ಟರೆ, ಮನೆಯವರಿಗೂ ಇರಲಿ ಎಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಬರಬೇಡಿ, ಅಲ್ಲೇ ಗುರುಗಳ ಕೈಗೆ ಹಿಂದಿರುಗಿಸಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.